112 ಕಂಟ್ರೋಲ್ ರೂಮ್: ಎಲ್ಲರಿಗೂ ಹೊಸ ತರಬೇತಿಯೋ, ಬೇರೆ ಡೇಟಾ ತಂಡವೋ?

ತುರ್ತು ಸಹಾಯದ ಸಂಖ್ಯೆ 112ಕ್ಕೆ ಈಗ ಬರೀ ಫೋನ್ ಕರೆ ಬರುವುದಿಲ್ಲ. ಎಸ್‌ಎಂಎಸ್, ಇಮೇಲ್, ಆ್ಯಪ್‌ನ ಸಂದೇಶ, ಪವರ್ ಬಟನ್ ಮೂರು ಸಲ ಬೇಗ ಬೇಗ ಒತ್ತಿದಾಗ ಹೋಗುವ ಪ್ಯಾನಿಕ್ ಕರೆ, ಎಲ್ಲವೂ ಬರುತ್ತವೆ. ಸಿಬ್ಬಂದಿಯನ್ನು ಇದಕ್ಕೆ ತಯಾರು ಮಾಡುವವರ ಮುಂದೆ ಎರಡು ದಾರಿಗಳಿವೆ.

ಒಂದು, ಕರೆ ತೆಗೆದುಕೊಳ್ಳುವ ಎಲ್ಲರಿಗೂ ಕಲಿಸುವುದು. ಖರ್ಚು ಜಾಸ್ತಿ, ಪಾಳಿ ಹೊಂದಿಸುವುದೂ ಕಷ್ಟ. ಆದರೆ ಕೇಳುವವರು, ನೋಡುವವರು ಒಬ್ಬರೇ ಆಗಿರುತ್ತಾರೆ. ನಕ್ಷೆಯ ಗುರುತನ್ನೇ ತೆಗೆದುಕೊಳ್ಳಿ. ಜಿಪಿಎಸ್ ಚೆನ್ನಾಗಿ ಸಿಕ್ಕರೆ ಜಾಗ ಕೆಲವೇ ಮೀಟರ್ ಒಳಗೆ ಗೊತ್ತಾಗುತ್ತದೆ. ಬರೀ ಮೊಬೈಲ್ ಟವರ್ ಆಧಾರವಾದರೆ, ಹಳ್ಳಿ ಕಡೆ ಅದು ಕಿಲೋಮೀಟರ್‌ಗಟ್ಟಲೆ ಅಗಲದ ವೃತ್ತ. ಅಪಾರ್ಟ್‌ಮೆಂಟಿನಲ್ಲಿ ಚುಕ್ಕಿ ಸರಿಯಾಗಿದ್ದರೂ ಯಾವ ಮಹಡಿ ಅಂತ ತಿಳಿಯದೆ ಹೋಗಬಹುದು. “ಹತ್ತಿರ ಯಾವ ದೇವಸ್ಥಾನ, ಯಾವ ಅಂಗಡಿ ಇದೆ ಹೇಳಿಮ್ಮಾ” ಎಂದು ಆ ಕ್ಷಣವೇ ಕೇಳಬೇಕಾದವರು ಲೈನಿನಲ್ಲಿ ಇರುವವರೇ ಅಲ್ವಾ?

ಇನ್ನೊಂದು, ಕೆಲವರನ್ನು ಆರಿಸಿ, ಸಂದೇಶ, ನಕ್ಷೆ, ವಿಡಿಯೋ ನೋಡಿಕೊಳ್ಳಲು ಬೇರೆ ಡೇಟಾ ತಂಡ ಕಟ್ಟುವುದು. ಬೇಗ ಶುರು ಮಾಡಬಹುದು. ಆದರೆ ಮಾಹಿತಿ ಒಬ್ಬರಿಂದ ಒಬ್ಬರಿಗೆ ದಾಟುವಾಗ ಸಮಯ ಹೋಗುತ್ತದೆ. ವಿಡಿಯೋಗೆ ಮಾತ್ರ ಇದೇ ಸರಿ. ಅಪಘಾತದ ದೃಶ್ಯ ನೋಡುತ್ತಲೇ ಅಳುತ್ತಿರುವವರಿಗೆ ಸಮಾಧಾನ ಹೇಳುವುದು ಯಾರಿಗೇ ಆದರೂ ತುಂಬಾ ಭಾರ.

ಹಾಗಾಗಿ ಲೊಕೇಶನ್ ಮತ್ತು ಎಸ್‌ಎಂಎಸ್ ಎಲ್ಲರಿಗೂ ಕಲಿಸಿ. ಚಿಕ್ಕ ಕೇಂದ್ರಕ್ಕೆ ಅಷ್ಟು ಸಾಕು. ಕ್ಯಾಮೆರಾ ದೃಶ್ಯಗಳೂ ಬರುವ ದೊಡ್ಡ ನಗರದಲ್ಲಿ ಜೊತೆಗೊಂದು ವಿಡಿಯೋ ತಂಡ ಇರಲಿ. ಯಾವ ದಾರಿ ಹಿಡಿದರೂ ಸುಮ್ನೆ ಸ್ಲೈಡ್ ತೋರಿಸಿ ಕಳಿಸಬೇಡಿ. ತಪ್ಪು ಲೊಕೇಶನ್ ಕೊಟ್ಟು, ಅಣಕು ಕರೆ ಮಾಡಿಸಿ ಕಲಿಸಿ.