ಟೆಲಿ ಮಾನಸ್ 14416: ಲಾಕ್‌ಡೌನ್ ಕಲಿಸಿದ ಪಾಠದಿಂದ ಹುಟ್ಟಿದ ಸಹಾಯವಾಣಿ

ಕೋವಿಡ್ ಕಾಲದಲ್ಲಿ ನಿದ್ದೆಗೇಡು, ಆತಂಕ, ಒಂಟಿತನ ಮನೆಮನೆಗೂ ಹೊಕ್ಕಿದ್ದವು. 2022ರ ಕೇಂದ್ರ ಬಜೆಟ್ ಇದನ್ನು ಒಪ್ಪಿಕೊಂಡೇ ಟೆಲಿ ಮಾನಸ್ ಎಂಬ ಈ ಮಾನಸಿಕ ಆರೋಗ್ಯ ಸಹಾಯವಾಣಿ ಘೋಷಿಸಿತು. ಅದೇ ವರ್ಷ ಅಕ್ಟೋಬರ್ 10ರಂದು ಶುರುವಾಯಿತು. ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ. 14416 ಸಿಗದಿದ್ದರೆ 1800 891 4416. ಧ್ವನಿಸೂಚನೆ ಕೇಳಿ ಕನ್ನಡ ಆರಿಸಿಕೊಳ್ಳಿ. ಅವಸರದಲ್ಲಿ ಬೇರೆ ಗುಂಡಿ ಒತ್ತಬೇಡಿ!

ಮೊದಲು ಮಾತಾಡುವವರು ಆಪ್ತಸಮಾಲೋಚಕರು, ಮಾತ್ರೆ ಬರೆಯುವವರಲ್ಲ. ಅಗತ್ಯ ಕಂಡರೆ ಮನೋವೈದ್ಯರಿಗೋ ಹತ್ತಿರದ ಆಸ್ಪತ್ರೆಗೋ ಕಳಿಸುತ್ತಾರೆ. ಹೀಗಾಗಿ "ಮನಸ್ಸು ಸರಿಯಿಲ್ಲ" ಎಂದಷ್ಟೇ ಹೇಳಿದರೆ ಸಾಲದು. ಎಷ್ಟು ವಾರದಿಂದ, ರಾತ್ರಿ ಎಷ್ಟು ಗಂಟೆ ನಿದ್ದೆ, ಊಟ ಹೇಗಿದೆ, ಯಾವ ಮಾತ್ರೆ ನಡೆಯುತ್ತಿದೆ, ಕುಡಿತ ಹೆಚ್ಚಿದೆಯೇ ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸಾಯುವ ಯೋಚನೆ ಬರುತ್ತಿದ್ದರೆ ಮೊದಲ ಮಾತಲ್ಲೇ ಹೇಳಿ, ಮುಚ್ಚಿಡಬೇಡಿ.

ಕೊರತೆ? ತಿಂಗಳುಗಟ್ಟಲೆ ಒಬ್ಬರೇ ಚಿಕಿತ್ಸಕರ ಬಳಿ ಮಾತಾಡುವ ಚಿಕಿತ್ಸೆಗೆ ಇದು ಬದಲಿಯಲ್ಲ. ಒಂದೇ ಕೋಣೆಯ ಮನೆಯಲ್ಲಿ ಗುಟ್ಟಾಗಿ ಮಾತಾಡುವುದೂ ಕಷ್ಟ, ತಾರಸಿಯೇ ಗತಿ. ಪ್ರಾಣಕ್ಕೆ ಕುತ್ತಿದ್ದರೆ ಇಲ್ಲಿ ಕಾಯದೆ ತುರ್ತು ಸಂಖ್ಯೆ 112 ಒತ್ತಿ.