ಮನೆಯಲ್ಲೇ ಉಳಿಯುವ ಕೆಲಸದವರ ಬದಲಿಗೆ ಏನು? ನಾನು ಮಾಡಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ನಮ್ಮಂಥ ಎರಡು ಬೆಡ್‌ರೂಮಿನ ಮನೆಗೆ, ಹತ್ತಿರದಿಂದ ಬಂದು ದಿನಕ್ಕೆ ನಾಲ್ಕು ಗಂಟೆ ಕೆಲಸ ಮಾಡಿ ಹೋಗುವ ಒಬ್ಬರು ಸಾಕು. ಇಷ್ಟು ತಿಳಿಯೋಕೆ ನನಗೆ ಒಂದೂವರೆ ವರ್ಷ ಬೇಕಾಯಿತು. ದುಡ್ಡೂ ಹೋಯಿತು.

ಅತ್ತೆಗೆ ಮಂಡಿ ಆಪರೇಷನ್ ಆದಾಗ ಗಾಬರಿಯಲ್ಲಿ ಒಂದು ಏಜೆನ್ಸಿಗೆ ಫೋನ್ ಮಾಡಿದೆ. ತಿಂಗಳಿಗೆ 20,000 ಸಂಬಳ, ಏಜೆನ್ಸಿಗೆ ಬೇರೆ 25,000. ಬಂದವರು ಜಾರ್ಖಂಡಿನ ಹೆಂಗಸು, ಒಳ್ಳೆಯ ಕೆಲಸಗಾರ್ತಿ. ಆದರೆ ನಮ್ಮ ಮನೆಯಲ್ಲಿ ಅವರದು ಅಂತ ಒಂದು ಮೂಲೆಯೂ ಇರಲಿಲ್ಲ. ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಮಲಗಬೇಕು. ನಾವು ಟೀವಿ ಆರಿಸುವ ತನಕ ಅವರಿಗೆ ನಿದ್ದೆ ಇಲ್ಲ. ರಾತ್ರಿ ಹನ್ನೊಂದಕ್ಕೆ ಯಾರಾದರೂ ನೀರು ಕುಡಿಯೋಕೆ ಎದ್ದರೆ ಅವರೂ ಎದ್ದು ಕೂರುತ್ತಿದ್ದರು. ನೋಡಿದರೆ ಕರುಳು ಚುರುಕ್ ಅನ್ನುತ್ತಿತ್ತು. 38ನೇ ದಿನ ಊರಿಗೆ ಹೊರಟರು. ತಪ್ಪು ಅವರದ್ದಲ್ಲ.

ಏಜೆನ್ಸಿಯವರು ದುಡ್ಡು ವಾಪಸ್ ಕೊಡಲಿಲ್ಲ. ಬದಲಿಗೆ ಅಂತ ಒಬ್ಬ ಹುಡುಗಿಯನ್ನು ಕರೆತಂದರು. ನೋಡಿದರೆ ಹದಿಮೂರು ದಾಟಿದ ಹಾಗೆ ಕಾಣಲಿಲ್ಲ, ವಯಸ್ಸಿನ ದಾಖಲೆಯೂ ಇರಲಿಲ್ಲ. ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಕೆಲಸಕ್ಕೆ ಇಟ್ಟುಕೊಳ್ಳೋದು 2006ರ ಅಕ್ಟೋಬರ್‌ನಿಂದಲೇ ನಿಷೇಧ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಆ ಮಗುವಿನ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ.

ಆಮೇಲೆ ಯಂತ್ರದ ಸಹವಾಸ. ಪಾತ್ರೆ ತೊಳೆಯುವ ಮಷಿನ್‌ಗೆ ಹತ್ತಿರ ಹತ್ತಿರ 40,000 ಕೊಟ್ಟೆ. ಮಷಿನ್ ಒಳ್ಳೆಯದೇ. ಕಾಟ ಕೊಟ್ಟಿದ್ದು ನೀರು.

ಕೆಂಗೇರಿ ಕಡೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರು. ಮೊದಲ ವಾರವೇ ಸ್ಟೀಲ್ ಲೋಟಗಳ ಮೇಲೆ ಬಿಳಿ ಪುಡಿ ಕೂತಿತು. ಬೆರಳಲ್ಲಿ ಉಜ್ಜಿದರೆ ಸುಣ್ಣದ ಹಾಗೆ ಅಂಟುತ್ತಿತ್ತು. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ ಇದ್ದರೆ ಹೀಗೇ. ಅದನ್ನು ಹಿಡಿದಿಡೋಕೆ ಮಷಿನ್‌ನೊಳಗೆ ಒಂದು ವ್ಯವಸ್ಥೆ ಇರುತ್ತದೆ. ಅದಕ್ಕೆ ದಪ್ಪ ಹರಳಿನ ಬೇರೆಯದೇ ಉಪ್ಪು ಹಾಕಬೇಕು. ಅಡುಗೆಯ ಪುಡಿ ಉಪ್ಪು ಹಾಕಿದರೆ ಕಟ್ಟಿಕೊಳ್ಳುತ್ತದೆ. ನೀರು ಎಷ್ಟು ಗಡುಸು ಅಂತ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ನೋಡಿ, ಮಷಿನ್‌ನಲ್ಲಿ ಅಷ್ಟಕ್ಕೆ ಸೆಟ್ ಮಾಡಬೇಕು. ಇದನ್ನು ಮಾರಿದವರು ಹೇಳಲಿಲ್ಲ, ಫಿಟ್ ಮಾಡಲು ಬಂದವರೂ ಹೇಳಲಿಲ್ಲ.

ಸೆಟ್ ಮಾಡಿದ ಮೇಲೆ ಲೋಟ ಫಳಫಳ ಹೊಳೆಯಿತು. ಅಷ್ಟರಲ್ಲಿ 2024ರ ಬೇಸಿಗೆ ಬಂತು. ಬೆಂಗಳೂರಿನಲ್ಲಿ ಎಷ್ಟೋ ಬೋರ್‌ವೆಲ್ ಬತ್ತಿದ ವರ್ಷ ಅದು. ನಮ್ಮದೂ ಬತ್ತಿತು. ಟ್ಯಾಂಕರ್ ಇವತ್ತು ಒಂದು ಕಡೆಯಿಂದ, ನಾಳೆ ಇನ್ನೊಂದು ಕಡೆಯಿಂದ. ಒಂದೊಂದು ಲೋಡಿಗೆ ಒಂದೊಂದು ಥರದ ನೀರು, ಮತ್ತೆ ಬಿಳಿ ಪುಡಿ. ಎರಡು ತಿಂಗಳು ಪ್ರತಿ ಲೋಟವನ್ನೂ ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದೇನೆ. ಹಾಗಾದರೆ ಮಷಿನ್ ಯಾಕೆ ಬೇಕು, ಅಲ್ವಾ?

ಇನ್ನೂ ಇದೆ. ಮುದ್ದೆ ಮಾಡಿದ ಪಾತ್ರೆಯನ್ನು ನೆನೆಸಿ, ತಳ ಕೆರೆದೇ ಒಳಗಿಡಬೇಕು. ಅಲ್ಯೂಮಿನಿಯಂ ಕಪ್ಪಾಗುತ್ತದೆ. ಕಬ್ಬಿಣದ ಬಾಣಲೆ, ಹಿತ್ತಾಳೆ ಪಾತ್ರೆ ಇಡೋ ಹಾಗೇ ಇಲ್ಲ.

ಗಂಟೆ ಲೆಕ್ಕದಲ್ಲಿ ಜನ ಕಳಿಸುವ ಆ್ಯಪ್ ಕೂಡ ನೋಡಿದೆ. ಒಂದು ದಿನದ ಮಟ್ಟಿಗೆ, ನೆಂಟರು ಬಂದಾಗ, ಪರವಾಗಿಲ್ಲ. ಆದರೆ ದಿನಾ ಹೊಸ ಮುಖ. ಓಟಿಪಿ ಬರೋದು ಆಫೀಸಿನಲ್ಲಿರುವ ನನ್ನ ಫೋನಿಗೆ, ವಾಕರ್ ಹಿಡಿದು ಬಾಗಿಲು ತೆಗೆಯೋದು ಅತ್ತೆ.

ಈಗ ಬರುವವರು ಎರಡು ಬೀದಿ ಆಚೆಯವರು. ಎಂಟಕ್ಕೆ ಬಂದು ಹನ್ನೆರಡಕ್ಕೆ ಹೋಗುತ್ತಾರೆ. ಕಸ, ನೆಲ, ಪಾತ್ರೆ, ತರಕಾರಿ ಹೆಚ್ಚೋದು, ಅತ್ತೆಯನ್ನು ಸ್ವಲ್ಪ ನಡೆಸೋದು. ಅಡುಗೆ ನಾನೇ ಮಾಡುತ್ತೇನೆ, ನನಗೆ ಅದು ಇಷ್ಟ. ಸಂಬಳ 12,000. ಕರ್ನಾಟಕದಲ್ಲಿ ಮನೆಕೆಲಸಕ್ಕೆ 2004ರಿಂದಲೇ ಕನಿಷ್ಠ ವೇತನ ಇದೆ. ಅದರ ಈಗಿನ ದರ ನೋಡಿ, ಅದಕ್ಕಿಂತ ಮೇಲೆ ಮಾತಾಡಿದೆವು. ಭಾನುವಾರ ರಜೆ. ಯುಗಾದಿಗೆ, ಊರಹಬ್ಬಕ್ಕೆ ಮಳವಳ್ಳಿಗೆ ಹೋದರೆ ನಾಲ್ಕು ದಿನ ಬರೋದಿಲ್ಲ. ಆಗ ಮಷಿನ್ ಓಡಿಸುತ್ತೇನೆ. ಅದಕ್ಕೆ ಈಗ ಇರುವ ಕೆಲಸ ಅಷ್ಟೇ.

ರಾತ್ರಿ ಪಕ್ಕದಲ್ಲೇ ಯಾರಾದರೂ ಇರಬೇಕಾದಷ್ಟು ಕಾಯಿಲೆಯವರು ಮನೆಯಲ್ಲಿದ್ದರೆ ಈ ಲೆಕ್ಕ ಸರಿಹೋಗೋದಿಲ್ಲ. ಅಂಥವರಿಗೆ ರಾತ್ರಿ ಪಾಳಿಗೆ ಮಾತ್ರ ಬರುವ ಹೋಮ್ ನರ್ಸ್ ನೋಡಿ ಅಂತ ಹೇಳುತ್ತೇನೆ. ಆಪರೇಷನ್ ಆದ ಮೊದಲ ಎರಡು ವಾರ ನನಗೆ ಬೇಕಾಗಿದ್ದೂ ಅದೇ. ಆಗ ಹೊಳೆದಿರಲಿಲ್ಲ.

ಮೊನ್ನೆ ನಮ್ಮ ಮನೆಗೆ ಕೆಲಸಕ್ಕೆ ಬರುವವರ ಮಗಳು ಎಸ್ಸೆಸ್ಸೆಲ್ಸಿ ಪಾಸಾದಳು. ಹನ್ನೆರಡಕ್ಕೆ ಹೊರಡೋದರಿಂದ ಮಧ್ಯಾಹ್ನ ಅವಳು ಓದುವಾಗ ಪಕ್ಕದಲ್ಲಿ ಕೂರೋಕೆ ಆಯಿತು ಅಂತ, ಮೈಸೂರು ಪಾಕಿನ ಡಬ್ಬಿ ಅತ್ತೆಯ ಕೈಗಿಟ್ಟು ಹೇಳಿದರು.