ಅಳುವಷ್ಟು ಒಂಟಿ: ಒಂದು ಹಾಡು, ಆರು ಮುದ್ರಣ

ಅಮೆರಿಕದ ಕಂಟ್ರಿ ಸಂಗೀತದ ಗಾಯಕ ಹ್ಯಾಂಕ್ ವಿಲಿಯಮ್ಸ್ 1949ರಲ್ಲಿ ಹಾಡಿದ ‘ಐ ಆಮ್ ಸೋ ಲೋನ್‌ಸಮ್ ಐ ಕುಡ್ ಕ್ರೈ’ ಹಾಡನ್ನು ಆಮೇಲೆ ಹಾಡಿದವರಿಗೆ ಲೆಕ್ಕವಿಲ್ಲ. ಮೂಲವೂ ಸೇರಿ ಆರು ಮುದ್ರಣಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿ, ಗಿಟಾರ್ ಹಿಡಿದು ಜೊತೆಗೇ ನುಡಿಸಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಅಳು ತೋರಿಸಲು ಹೊರಟವರ ಕೈಯಲ್ಲಿ ಹಾಡು ಸೊರಗುತ್ತದೆ, ಅಳು ನುಂಗಿಕೊಂಡು ಹಾಡಿದವರಲ್ಲಿ ಅದು ಎದೆಗೆ ತಾಗುತ್ತದೆ.

ಹೋಲಿಸುವ ಮೊದಲು ಎರಡು ಎಚ್ಚರಿಕೆ. ಇತ್ತೀಚಿನ ಮುದ್ರಣಗಳು ಜೋರಾಗಿರುತ್ತವೆ, ಹಳೆಯದು ಮೆತ್ತಗೆ. ವಾಲ್ಯೂಮ್ ಸರಿಹೊಂದಿಸದೆ ಕೇಳಿದರೆ ಜೋರಾಗಿದ್ದದ್ದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಎರಡನೆಯದು ಇನ್ನೂ ಮುಖ್ಯ: ವಿಲಿಯಮ್ಸ್ ತೀರಿಕೊಂಡ ಮೇಲೆ ಅವರ ಹಳೆಯ ಮುದ್ರಣಗಳ ಮೇಲೆ ತಂತಿವಾದ್ಯಗಳ ಮೇಳವನ್ನು ಕೂಡಿಸಿ ಮತ್ತೆ ಬಿಡುಗಡೆ ಮಾಡಲಾಯಿತು. ಹುಡುಕಿದಾಗ ಅದೂ ಅದೇ ಹೆಸರಿನಲ್ಲಿ ಸಿಗುತ್ತದೆ. ಗುರುತು ಸುಲಭ. ಮೂಲದಲ್ಲಿ ಡ್ರಮ್ ಇಲ್ಲ, ಪಿಟೀಲುಗಳ ಗುಂಪಿಲ್ಲ. ಇರುವುದು ಒಂದೇ ಫಿಡಲ್.

ಆ ಮೂಲ ಮುದ್ರಣವಾದದ್ದು 1949ರ ಆಗಸ್ಟ್ 30ರಂದು, ಒಹಾಯೋದ ಸಿನ್ಸಿನಾಟಿಯ ಹರ್ಜಾಗ್ ಸ್ಟುಡಿಯೋದಲ್ಲಿ. ವಿಲಿಯಮ್ಸ್‌ಗೆ ಆಗಿನ್ನೂ 26 ತುಂಬಿರಲಿಲ್ಲ. ಹಾಡುವುದಕ್ಕಲ್ಲ, ಮಾತಿನಲ್ಲಿ ಒಪ್ಪಿಸುವುದಕ್ಕೆಂದು ಇದನ್ನು ಬರೆದಿದ್ದರೆಂಬ ಮಾತಿದೆ. ರಾಗ ಬಿಟ್ಟು ಸುಮ್ಮನೆ ಓದಿದರೂ ಸಾಲುಗಳು ನಿಲ್ಲುತ್ತವೆ, ಹಾಗಾಗಿ ಆ ಮಾತನ್ನು ತಳ್ಳಿಹಾಕಲು ಮನಸ್ಸಾಗುವುದಿಲ್ಲ. ಎಂಜಿಎಂ ಕಂಪನಿ ನವೆಂಬರ್‌ನಲ್ಲಿ ಗ್ರಾಮಫೋನ್ ತಟ್ಟೆ ಹೊರತಂದಾಗ ಈ ಹಾಡು ಹಿಂಬದಿಗೆ ಹೋಯಿತು. ಮುಂಬದಿಗೆ ಬಂದದ್ದು ‘ಮೈ ಬಕೆಟ್ಸ್ ಗಾಟ್ ಎ ಹೋಲ್ ಇನ್ ಇಟ್’ ಎಂಬ ಲವಲವಿಕೆಯ ಹಾಡು. ಕಾಸು ಹಾಕಿ ಹಾಡು ಕೇಳುವ ಜೂಕ್‌ಬಾಕ್ಸ್‌ಗಳಲ್ಲಿ ದುಃಖದ ಹಾಡಿಗಿಂತ ಕುಣಿತದ ಹಾಡು ಓಡುತ್ತದೆ ಎಂಬ ವ್ಯಾಪಾರದ ಲೆಕ್ಕ ಅದು.

ಮೂಲವನ್ನು ಮೊದಲ ಸಲ ಕೇಳುವವರಿಗೆ ಅಚ್ಚರಿಯಾಗುವುದು ಅದರ ವೇಗ. ಇಷ್ಟು ದುಃಖದ ಹಾಡು ನಿಮಿಷಕ್ಕೆ ಹೆಚ್ಚುಕಮ್ಮಿ 110 ಎಣಿಕೆಯಲ್ಲಿ, ಮೂರರ ಲೆಕ್ಕದ ವಾಲ್ಟ್ಜ್ ನಡೆಯಲ್ಲಿ ಸಾಗುತ್ತದೆ. ದಾದ್ರಾದಲ್ಲಿ ಭಾವಗೀತೆ ಹಾಡಿ ಅಭ್ಯಾಸವಿದ್ದವರಿಗೆ ಈ ತೂಗು ತಟ್ಟನೆ ಹಿಡಿತಕ್ಕೆ ಬರುತ್ತದೆ. ಜೀಕ್ ಟರ್ನರ್ ಎಲೆಕ್ಟ್ರಿಕ್ ಗಿಟಾರಿನ ದಪ್ಪ ತಂತಿಗಳ ಮೇಲೆ ಒಂದೇ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತಾರೆ, ಜೆರ್ರಿ ಬರ್ಡ್ ಅವರ ಸ್ಟೀಲ್ ಗಿಟಾರ್ ಅದರ ಮೇಲೆ ಜಾರುತ್ತದೆ. ಆರು ಮುದ್ರಣಗಳಲ್ಲಿ ವಾದ್ಯಗಳು ಇಷ್ಟು ಕಡಿಮೆ ಮಾತಾಡಿ ಇಷ್ಟು ಕೆಲಸ ಮಾಡಿರುವುದು ಇದರಲ್ಲೇ.

ಸಾಹಿತ್ಯವನ್ನೂ ಹತ್ತಿರದಿಂದ ನೋಡಬೇಕು. ನಾಲ್ಕು ಚರಣ, ಪಲ್ಲವಿ ಇಲ್ಲ. ಹಾರಲಾರದಷ್ಟು ಬೇಸತ್ತ ವಿಪ್‌ಪೂರ್‌ವಿಲ್ (ನಮ್ಮ ನತ್ತಿಂಗದ ಬಳಗದ ಇರುಳು ಹಕ್ಕಿ), ನಡುರಾತ್ರಿಯ ರೈಲು, ಮೋಡದ ಮರೆಗೆ ಸರಿದ ಚಂದ್ರ, ಎಲೆ ಸಾಯುವಾಗ ಅಳುವ ರಾಬಿನ್, ಸದ್ದಿಲ್ಲದೆ ಬೀಳುವ ನಕ್ಷತ್ರ. ನಾಲ್ಕೂ ಚರಣ ಮುಗಿಯುವುದು ‘ಕ್ರೈ’ ಎಂಬ ಒಂದೇ ಪದದ ಮೇಲೆ. ರಾಬಿನ್ ಅಳುವುದನ್ನು ನೋಡಿದ್ದೀಯಾ ಎಂದು ಕೇಳುಗರನ್ನು ಕೇಳುವುದನ್ನು ಬಿಟ್ಟರೆ, ಅಗಲಿದವರನ್ನು ಕುರಿತ ‘ನೀನು’ ಎಂಬ ಮಾತು ಮಾತ್ರ ಕೊನೆಯ ಚರಣದ ಮೂರನೆಯ ಸಾಲಿನವರೆಗೂ ಬರುವುದಿಲ್ಲ! ಯಾರಿಗಾಗಿ ಈ ಒಂಟಿತನ ಎಂದು ತಿಳಿಯುವ ಹೊತ್ತಿಗೆ ಹಾಡೇ ಮುಗಿಯುತ್ತಾ ಬಂದಿರುತ್ತದೆ. ಯಾವ ಗಾಯಕರನ್ನು ಅಳೆಯಬೇಕಾದರೂ ಆ ಸಾಲಿನಲ್ಲಿ ಕಿವಿಯಿಡಿ. ವಿಲಿಯಮ್ಸ್ ಅಲ್ಲಿ ಒತ್ತು ಹಾಕುವುದಿಲ್ಲ, ಬೇರೆ ಸಾಲುಗಳಂತೆಯೇ ಹಾಡಿ ಮುಂದೆ ಹೋಗುತ್ತಾರೆ.

ಬಿ.ಜೆ. ಥಾಮಸ್ ಅವರ 1966ರ ಮುದ್ರಣ ಅಮೆರಿಕದ ಪಾಪ್ ಪಟ್ಟಿಯಲ್ಲಿ 8ನೇ ಸ್ಥಾನಕ್ಕೇರಿತು. ಹಾಡನ್ನು ಕಂಟ್ರಿ ಸಂಗೀತದ ರೇಡಿಯೋದಾಚೆಗೆ ಕೊಂಡೊಯ್ದ ಶ್ರೇಯ ಅದಕ್ಕಿದೆ. ಆದರೆ ಕೊರಳು ಬಿಚ್ಚಿ ಹಾಡಿದಲ್ಲೆಲ್ಲ ಮೂಲದ ಬಿಗಿ ಸಡಿಲವಾಗುತ್ತದೆ. ಎಲ್ವಿಸ್ ಪ್ರೆಸ್ಲಿ 1973ರ ಜನವರಿ 14ರಂದು ಹೊನೊಲುಲುವಿನ ವೇದಿಕೆಯಲ್ಲಿ, ತಾನು ಕೇಳಿದ ಹಾಡುಗಳಲ್ಲಿ ಬಹುಶಃ ಇದೇ ಅತಿ ದುಃಖದ್ದು ಎಂದು ಹೇಳಿ ಹಾಡಿದರು. ದನಿ ಅದ್ಭುತ, ಸಂಯಮವೂ ಇದೆ. ಹಿನ್ನೆಲೆಯ ದೊಡ್ಡ ಮೇಳ ಮಾತ್ರ ಒಂಟಿ ಮನುಷ್ಯನ ಸುತ್ತ ಜನಜಂಗುಳಿ ನಿಲ್ಲಿಸಿದಂತಾಗಿದೆ.

ಅದೇ ವರ್ಷ ಆಲ್ ಗ್ರೀನ್ ‘ಕಾಲ್ ಮೀ’ ಆಲ್ಬಮ್ಮಿನಲ್ಲಿ ಇದನ್ನು ಸೋಲ್ ಸಂಗೀತಕ್ಕೆ ತಂದರು. ನಡೆಯೇ ಬೇರೆ, ಊರೇ ಬೇರೆ, ಆದರೂ ದನಿಯನ್ನು ಪಿಸುಮಾತಿಗೆ ಇಳಿಸುವ ಅವರ ಕಲೆ ಹಾಡಿಗೆ ಒಗ್ಗಿದೆ. ಥಾಮಸ್, ಎಲ್ವಿಸ್ ಇಬ್ಬರಿಗಿಂತ ಇದನ್ನು ಮೇಲಿಡಬೇಕು.

ಮೂಲಕ್ಕೆ ಸಮಸಮ ನಿಲ್ಲುವುದು ಕೆನಡಾದ ಕೌಬಾಯ್ ಜಂಕೀಸ್ ತಂಡದ್ದು. 1987ರ ನವೆಂಬರ್‌ನಲ್ಲಿ ಟೊರಾಂಟೊದ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಒಂದೇ ಮೈಕಿನ ಸುತ್ತ ಕುಳಿತು ಮುದ್ರಿಸಿದ್ದು. ಹಾಡು ಐದು ನಿಮಿಷ ದಾಟುತ್ತದೆ, ಅಂದರೆ ಮೂಲದ ಹತ್ತಿರ ಹತ್ತಿರ ಎರಡರಷ್ಟು. ಇಷ್ಟು ನಿಧಾನಿಸಿದರೆ ಸಾಮಾನ್ಯವಾಗಿ ಹಾಡು ಕುಸಿಯುತ್ತದೆ. ಆದರೆ ತಂಡದ ಗಾಯಕಿ ಮಾರ್ಗೊ ಟಿಮಿನ್ಸ್ ಸ್ವರವನ್ನು ಎಳೆಯದೆ, ಸಾಲು ಮುಗಿದಲ್ಲಿ ಬಿಟ್ಟುಬಿಡುತ್ತಾರೆ. ಉಳಿದ ಜಾಗವನ್ನು ಚರ್ಚಿನ ಗೋಡೆಗಳ ಅನುರಣನ ತುಂಬುತ್ತದೆ.

ಮನೆಯಲ್ಲಿ ನುಡಿಸುವವರು ಇದನ್ನು ಅನುಕರಿಸಲು ಹೋಗಿ ಸೋಲುವುದು ಉಸಿರಿನಲ್ಲಿ. ಪ್ರತಿ ಸಾಲು ನಾಲ್ಕು ಬಾರ್ (ಮೂರು ಎಣಿಕೆಯ ಒಂದು ಸುತ್ತು ಒಂದು ಬಾರ್), ಅಂದರೆ 12 ಎಣಿಕೆ. 110ರ ವೇಗದಲ್ಲಿ ಅದು ಆರೂವರೆ ಸೆಕೆಂಡು, 60ಕ್ಕೆ ಇಳಿಸಿದರೆ 12 ಸೆಕೆಂಡು. ಮೊದಲು 100ರಿಂದ 110ರಲ್ಲಿ ಕಲಿಯಿರಿ. ಕಾರ್ಡ್‌ಗಳು ನಾಲ್ಕೇ: ಆರು ಬಾರ್ ಇ, ಎರಡು ಬಾರ್ ಇ7, ಎರಡು ಎ, ಮತ್ತೆರಡು ಇ, ಕೊನೆಯ ಸಾಲಿಗೆ ಒಂದು ಇ, ಒಂದು ಬಿ7, ಎರಡು ಇ. ಒಟ್ಟು 16 ಬಾರ್‌ಗೆ ಒಂದು ಚರಣ. ಇ7 ಬಿಟ್ಟರೆ ಎ ಕಡೆಗಿನ ಸೆಳೆತವೇ ಹೋಗುತ್ತದೆ, ಬಿಡಬೇಡಿ. ಕೆಲವು ಕಾರ್ಡ್ ಹಾಳೆಗಳಲ್ಲಿ ನಡುವೆ ಮೈನರ್ ಕಾರ್ಡ್ ತುರುಕಿರುತ್ತಾರೆ; ಅದು ಬೇಡ, ಮೇಜರ್ ಕಾರ್ಡಿನ ಮೇಲೆ ದುಃಖದ ಮಾತು ಕೂತಿರುವುದೇ ಇದರ ಸೊಗಸು. ಮೊದಲ ಎಣಿಕೆಗೆ ಹೆಬ್ಬೆರಳಿನಿಂದ ದಪ್ಪ ತಂತಿ, ಉಳಿದೆರಡಕ್ಕೆ ಹಗುರವಾಗಿ ಉಳಿದ ತಂತಿಗಳು. ಮೂರಕ್ಕೂ ಸಮನಾಗಿ ಬಡಿದರೆ ಮೆರವಣಿಗೆಯ ಬ್ಯಾಂಡಿನಂತೆ ಕೇಳುತ್ತದೆ. ಶ್ರುತಿ ತಗ್ಗಾಯಿತೆನ್ನಿಸಿದರೆ ಮೂರನೆಯ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಹಿಡಿಕೆ) ಹಾಕಿ ಇದೇ ಬೆರಳಿಟ್ಟು ನುಡಿಸಬಹುದು.

ಜಾನಿ ಕ್ಯಾಶ್ 2002ರಲ್ಲಿ ನಿಕ್ ಕೇವ್ ಜೊತೆ ಹಾಡಿದ್ದನ್ನು ಕೊನೆಗೆ ಕೇಳಿ. ಆಗ ಕ್ಯಾಶ್ ಅವರಿಗೆ 70. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅವರಿಲ್ಲ. ಇಬ್ಬರು ಸೇರಿ ಒಂಟಿತನ ಹಾಡುವುದು ಸರಿಹೊಂದುವುದಿಲ್ಲವೆಂದು ಮೊದಲು ಅನ್ನಿಸುತ್ತದೆ. ಕ್ಯಾಶ್ ಅವರ ಮುದಿ ದನಿ ‘ಕ್ರೈ’ ಪದದ ಮೇಲೆ ಅಲುಗಾಡಿದಾಗ ಆ ತಕರಾರು ಉಳಿಯುವುದಿಲ್ಲ.